ಮಳೆಯ ಸುದ್ದಿ ಹೇಳಬಾರದಿದ್ದ ಕಾಲ

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬ ಹೆಸರು ನನಗೆ ಹಲ್ಲು ಬರುವ ಮೊದಲೇ ಬಂದಿತ್ತೆಂದು ನಮ್ಮ ಅತ್ತೆ ಹೇಳುತ್ತಿದ್ದಳು. ನಾನದನ್ನು ಅಲ್ಲಗಳೆಯುವುದಿಲ್ಲ. ಕೇಳಿದ್ದನ್ನು ಹೇಳದೆ ಇಟ್ಟುಕೊಂಡರೆ ನನಗೆ ಈಗಲೂ ಊಟ ಸೇರುವುದಿಲ್ಲ. ಇಂಥ ಹುಡುಗಿಗೆ ಅಪ್ಪನಾಗಿ ಸಿಕ್ಕವರು ಪುಣೆಯ ಹವಾಮಾನ ಕಚೇರಿಯಲ್ಲಿ ಕಾರಕೂನರು. ನನಗೆ ಬುದ್ಧಿ ಬಲಿಯುವ ಹೊತ್ತಿಗೆ ಸರಿಯಾಗಿ ಯುದ್ಧ ಬಂತು, ಯುದ್ಧದ ಜೊತೆಗೆ ಮಳೆಯ ಸುದ್ದಿಯೂ ಸರಕಾರದ ಗುಟ್ಟಾಯಿತು.

ಅಪ್ಪ ಧಾರವಾಡದವರು. ನೌಕರಿ ಸಿಕ್ಕಿತೆಂದು ಪುಣೆಗೆ ಬಂದವರು, ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ಬಿಡಾರ ಹೂಡಿ ಅಲ್ಲಿಯೇ ಉಳಿದುಬಿಟ್ಟರು. ನಡುವೆ ಅಂಗಳ, ಅಂಗಳದಲ್ಲಿ ಒಂದು ನಳ, ಸುತ್ತ ಹತ್ತು ಮನೆ, ಮೇಲೆ ಎಲ್ಲರಿಗೂ ಸೇರಿದ ಒಂದು ಗಚ್ಚಿ. ಒಂಬತ್ತು ಮನೆ ಮರಾಠಿಯವರದು, ಹತ್ತನೆಯದು ನಮ್ಮದು. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಹೊರಗೆ ಮರಾಠಿ. ಜಗಳ ಮಾತ್ರ ಆ ಹೊತ್ತಿಗೆ ಯಾವುದು ಬಾಯಿಗೆ ಬಂತೋ ಅದರಲ್ಲಿ.

ಅಪ್ಪನ ಕೆಲಸ ಇಂಥದು: ದಿನ ಬೆಳಗಾದರೆ ದೇಶದ ಮೂಲೆಮೂಲೆಯಿಂದ ಅವರ ಕಚೇರಿಗೆ ತಂತಿ ಬರುತ್ತಿದ್ದವು. ತಂತಿಯಲ್ಲಿ ಬರೀ ಅಂಕಿ. ಎಲ್ಲಿ ಸೆಕೆ ಎಷ್ಟು, ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು ಎಂಬುದೆಲ್ಲ ಆ ಅಂಕಿಗಳಲ್ಲಿ ಅಡಗಿರುತ್ತಿತ್ತು. ಅವನ್ನು ಬಿಡಿಸಿ, ಒಂದು ದೊಡ್ಡ ನಕಾಶೆಯ ಮೇಲೆ ಆಯಾ ಊರಿನ ಪಕ್ಕದಲ್ಲಿ ಸಾಸಿವೆಕಾಳಿನಂಥ ಅಕ್ಷರದಲ್ಲಿ ತುಂಬುವುದು ಅಪ್ಪನ ಪಾಲಿನ ಕೆಲಸ. ಆಮೇಲೆ ಸಾಹೇಬರು ಬಂದು ಅಂಕಿಗಳ ನಡುವೆ ಗೆರೆ ಎಳೆದು, ನಾಳೆ ಎಲ್ಲಿ ಮಳೆ, ಎಲ್ಲಿ ಬಿಸಿಲು ಎಂದು ತೀರ್ಮಾನ ಮಾಡುತ್ತಿದ್ದರು. ಯುದ್ಧಕ್ಕೆ ಮೊದಲು ಆ ತೀರ್ಮಾನ ಮರುದಿನ ಪತ್ರಿಕೆಯಲ್ಲಿ ಬರುತ್ತಿತ್ತು, ಪತ್ರಿಕೆಗಿಂತ ಮೊದಲು ನಮ್ಮ ವಾಡೆಗೆ ಬರುತ್ತಿತ್ತು. ಸಂಜೆ ಅಪ್ಪ ಬಾಗಿಲು ದಾಟಿದರೆ ನಳದ ಹತ್ತಿರ ನಿಂತ ಹೆಂಗಸರು ಕೊಡ ಕೆಳಗಿಟ್ಟು ಕೇಳುವರು. ಅಪ್ಪ ಟೋಪಿ ತೆಗೆದು, ಗಂಟಲು ಸರಿಮಾಡಿಕೊಂಡು ಉತ್ತರ ಕೊಡುವರು. ಉತ್ತರ ತಪ್ಪಿದರೆ ವಾರಗಟ್ಟಲೆ ಅವರನ್ನು ಕಾಡುತ್ತಿದ್ದರು. ಅಪ್ಪನಿಗೆ ಆ ಕಾಟವೂ ಇಷ್ಟವಾಗಿತ್ತೆಂದು ನನಗೆ ಗೊತ್ತು.

ಜಪಾನು ಬರ್ಮಾಕ್ಕೆ ನುಗ್ಗಿದ ಮೇಲೆ ಎಲ್ಲವೂ ಬದಲಾಯಿತು. ಶತ್ರುವಿನ ವಿಮಾನಕ್ಕೂ ಹಡಗಿಗೂ ನಮ್ಮ ಗಾಳಿಮಳೆಯ ಸುದ್ದಿ ತಿಳಿದರೆ ಅನುಕೂಲವೆಂದು ಅದನ್ನು ಪತ್ರಿಕೆಯಿಂದ ತೆಗೆದುಹಾಕಿದರು, ರೇಡಿಯೋದಲ್ಲೂ ನಿಲ್ಲಿಸಿದರು. ಕಚೇರಿಯಲ್ಲಿ ಅಪ್ಪನ ಕೈಯಿಂದ ಒಂದು ಕಾಗದದ ಮೇಲೆ ಸಹಿ ಮಾಡಿಸಿಕೊಂಡರು. ಆ ಸಂಜೆ ನಳದ ಬಳಿ ಎಂದಿನಂತೆ ಪ್ರಶ್ನೆ ಬಂದಾಗ ಅಪ್ಪ ಟೋಪಿಯನ್ನೂ ತೆಗೆಯಲಿಲ್ಲ. ತಲೆ ತಗ್ಗಿಸಿ ಒಳಗೆ ಬಂದುಬಿಟ್ಟರು.

ಇದರಿಂದ ಹೆಚ್ಚು ಉರಿದುಬಿದ್ದವಳು ಅತ್ತೆ. ಆಕೆ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳನ್ನು ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಮನೆಯ ಮೂಲೆಗೆ ಕೂರಿಸಿದ್ದರು. ಆಕೆ ಮೂಲೆಯಲ್ಲಿ ಕೂರುವ ಜೀವವಲ್ಲ. ಪುಣೆಗೆ ಬಂದ ಮೇಲೆ ಗಚ್ಚಿ ಹತ್ತಿದಳು, ಹತ್ತಿದವಳು ಅದರ ರಾಣಿಯಾದಳು. ಚೈತ್ರದಿಂದ ಮೊದಲ ಮಳೆಯವರೆಗೆ ಹತ್ತು ಮನೆಯ ಹಪ್ಪಳ, ಸಂಡಿಗೆ, ಕುರಡಿಗೆ ಆಕೆಯ ಕಣ್ಣಳತೆಯಲ್ಲೇ ಆಗಬೇಕು. ಅಕ್ಕಿ ಸಂಡಿಗೆಯನ್ನಂತೂ ವಾಡೆಯವರೆಲ್ಲ ಒಂದೇ ದಿನ ಒಟ್ಟಿಗೆ ಹಾಕುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ನೆನೆಸಿ ರುಬ್ಬಿದ ಅಕ್ಕಿಯನ್ನು ಬೆಳಗ್ಗೆ ಕಾಯಿಸಿ, ಗಚ್ಚಿಯ ಮೇಲೆ ಧೋತರ ಹಾಸಿ, ಎಲ್ಲರೂ ಸಾಲಾಗಿ ಕೂತು ಹಾಕಬೇಕು. ಒಂದು ಅಡ್ಡಮಳೆ ಬಂದರೆ ಹತ್ತು ಮನೆಯ ವರ್ಷದ ಸಂಡಿಗೆ ಮೋರಿಯ ಪಾಲು.

"ಅಲ್ಲೋ, ಜಪಾನದವ್ರು ನನ್ನ ಸಂಡಿಗಿ ಮ್ಯಾಲ ಬಾಂಬ್ ಹಾಕ್ತಾರೇನು?" ಎಂದಳು ಅತ್ತೆ ಅಪ್ಪನಿಗೆ. "ನಾಳೆ ಮಳಿ ಬರ್ತದೋ ಇಲ್ಲೋ, ಅಷ್ಟ ಹೇಳು."

"ಹೇಳಾಂಗಿಲ್ಲ ಅಕ್ಕಾ."

"ಬರೂದಿದ್ರ ಒಮ್ಮೆ ಕೆಮ್ಮು."

ಅಪ್ಪನಿಗೆ ಆಗ ನಿಜವಾಗಿಯೂ ಕೆಮ್ಮಿತ್ತು. ಪಾಪ, ಅದನ್ನು ತಡೆದುಕೊಳ್ಳಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡರು.

ಆಗಲೇ ನಾನು ಆ ದೊಡ್ಡ ಶೋಧ ಮಾಡಿದ್ದು. ಅಪ್ಪ ಕೆಲವು ದಿನ ಛತ್ರಿ ಹಿಡಿದು ಕಚೇರಿಗೆ ಹೋಗುತ್ತಿದ್ದರು, ಕೆಲವು ದಿನ ಇಲ್ಲ. ಆಕಾಶ ಶುಭ್ರವಾಗಿದ್ದರೂ ಕೆಲವೊಮ್ಮೆ ಛತ್ರಿ ಬಗಲಿಗೆ ಏರುತ್ತಿತ್ತು. ಹಿಂದಿನ ಸಂಜೆ ಕಚೇರಿಯಲ್ಲಿ ಕಂಡ ನಕಾಶೆ ಮರುದಿನ ಬೆಳಗ್ಗೆ ಅವರ ಕೈಯನ್ನು ತಾನಾಗಿಯೇ ಗೂಟದ ಕಡೆ ಒಯ್ಯುತ್ತಿತ್ತು. ಸರಕಾರದ ಗುಟ್ಟನ್ನು ನಾಲಿಗೆಯಲ್ಲಿ ಬಿಗಿಹಿಡಿದ ಮನುಷ್ಯ ಅದನ್ನೇ ಬಗಲಲ್ಲಿ ಇಟ್ಟುಕೊಂಡು ಪೇಠೆಯೆಲ್ಲ ದಾಟಿ ಹೋಗುತ್ತಿದ್ದರು. ಅವರಿಗೆ ಅದರ ಅರಿವೇ ಇರಲಿಲ್ಲ.

ನಾನು ಇದನ್ನು ಹೊಟ್ಟೆಯಲ್ಲಿ ಎಷ್ಟು ಹೊತ್ತು ಇಟ್ಟುಕೊಂಡೆನೋ ಏನೋ, ಗಚ್ಚಿಯ ಮೆಟ್ಟಿಲು ಹತ್ತುವಷ್ಟು ಹೊತ್ತು ಇರಬೇಕು. ಅತ್ತೆಗೆ ಹೇಳಿದೆ. ಅತ್ತೆ ಒಂಬತ್ತು ಮನೆಗೆ ಹೇಳಿದಳು. ಅಂದಿನಿಂದ ಬೆಳಗ್ಗೆ ಅಪ್ಪ ಹೊರಡುವ ಹೊತ್ತಿಗೆ ನಳದ ಬಳಿ ಇದ್ದಕ್ಕಿದ್ದಂತೆ ಹೆಂಗಸರ ಗುಂಪು ಸೇರತೊಡಗಿತು. ಯಾರೂ ಏನೂ ಕೇಳುತ್ತಿರಲಿಲ್ಲ. ಅಪ್ಪ ಬಾಗಿಲು ದಾಟಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೊರ ಎತ್ತಿಕೊಂಡು ಮೇಲೆ ಹೋಗುವರು, ಇಲ್ಲವೇ ಮೊರ ಒಳಗಿಟ್ಟು ಬಟ್ಟೆ ಒಗೆಯಲು ಕೂರುವರು. ಹೆಂಗಸರು ಕೇಳುವುದನ್ನು ಬಿಟ್ಟರಲ್ಲ ಎಂದು ಅಪ್ಪನಿಗೆ ಭಾರಿ ಸಮಾಧಾನ. "ಈಗ ಎಲ್ಲಾರಿಗೂ ಪರಿಸ್ಥಿತಿ ತಿಳದದ," ಎಂದು ಊಟಕ್ಕೆ ಕೂತಾಗ ಹೇಳಿದರು. ಅತ್ತೆ ನಗು ತಡೆಯಲಾರದೆ ತುಪ್ಪ ತರುತ್ತೇನೆಂದು ಒಳಗೆ ಹೋದಳು.

ಆ ವರ್ಷದ ಮಳೆಗಾಲದಲ್ಲಿ, ಆಗಸ್ಟಿನಲ್ಲಿ, ನಾಯಕರನ್ನೆಲ್ಲ ಒಂದೇ ಬೆಳಗ್ಗೆ ಹಿಡಿದರು. ಶಾಲೆ ಮುಚ್ಚಿತು, ಯೆರವಡಾದ ಜೈಲು ತುಂಬಿತು, ಹೊಳೆಯ ಮೇಲಿನ ಸೇತುವೆ ಲಕಡಿ ಪೂಲದ ತುದಿಯಲ್ಲಿ ಪೋಲೀಸರು ಲಾಠಿ ಹಿಡಿದು ನಿಂತರು. ನಮ್ಮ ವಾಡೆಯ ಮಹಡಿಯಲ್ಲಿದ್ದ ಒಬ್ಬ ಕಾಲೇಜು ವಿದ್ಯಾರ್ಥಿ ಒಂದು ದಿನ ಅಂಗಳದ ನಡುವೆ ಅಪ್ಪನನ್ನು ತಡೆದು, ಊರಿಗೆ ಊರೇ ಸರಕಾರವನ್ನು ಧಿಕ್ಕರಿಸುವಾಗ ನೀವೊಬ್ಬರು ಅದರ ಗುಟ್ಟು ಕಾಯುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದ. ಉತ್ತರ ಕೊಟ್ಟವಳು ನಮ್ಮ ಮನೆಯ ಪಾತ್ರೆ ತಿಕ್ಕುವ ಮೌಶಿ. ಶಿರೂರಿನ ಕಡೆಯವಳು. ಅವಳ ಒಬ್ಬನೇ ಮಗ ಪಲಟಣಿಗೆ ಸೇರಿ ಹಡಗು ಹತ್ತಿ ಹೋಗಿದ್ದ. ಅವನ ಕಾಗದ ಬಂದರೆ ಓದಿ ಹೇಳುವವಳು ನಾನು. ಊರಿನ ಹೆಸರು ಇರುವಲ್ಲೆಲ್ಲ ಕರಿ ಮಸಿ ಬಳಿದಿರುತ್ತಿತ್ತು.

ಬೂದಿಗೈಯಲ್ಲೇ ಎದ್ದು ನಿಂತ ಮೌಶಿ ಆ ಹುಡುಗನಿಗೆ ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಸರಕಾರ ಯಾರದಾದರೂ ಇರಲಿ ಬಾಳಾ, ಹಡಗಿನ ಮೇಲೆ ಇರುವವನು ನನ್ನ ಮಗ. ನಮ್ಮ ಈ ಸಾಹೇಬರು ಬಾಯಿ ಮುಚ್ಚಿಕೊಂಡೇ ಇರಲಿ." ಹೇಳಿ ಮತ್ತೆ ಕೂತು ಪಾತ್ರೆ ತಿಕ್ಕತೊಡಗಿದಳು. ಹುಡುಗ ಸಪ್ಪಗಾಗಿ ಮೇಲೆ ಹೋದ. ಆ ಮಾತು ಅವನಿಗಿಂತ ನನಗೆ ಹೆಚ್ಚು ತಾಗಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ಛತ್ರಿಯ ಸುದ್ದಿ ನಮ್ಮ ವಾಡೆ ದಾಟಿ ಬೀದಿ ಸೇರಿತ್ತು. ಆಡಿದ ಮಾತನ್ನು ಹಿಂದಕ್ಕೆ ಕರೆಯುವ ಉಪಾಯ ನನಗೆ ಗೊತ್ತಿರಲಿಲ್ಲ.

ನವರಾತ್ರಿಯ ಹಿಂದೆಮುಂದೆ ಅದು ಬಯಲಾಯಿತು. ನಮ್ಮ ಬೀದಿಯ ತಿರುವಿನಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲು. ಅಪ್ಪ ದಿನವೂ ಅಲ್ಲಿ ಒಂದು ಕಪ್ ಕಾಫಿ ಕುಡಿದು ಮುಂದೆ ಹೋಗುವವರು. ಒಂದು ದಿನ ಹೋಟೆಲಿನ ಯಜಮಾನರು ಕಾಫಿ ಇಡುತ್ತಾ, ಒಳಗಿನ ಅಡಿಗೆಯವನಿಗೆ ಕೂಗಿ ಹೇಳಿದರಂತೆ: "ಹಪ್ಪಳದ ಹಿಟ್ಟು ಕಲಸು ಮಾರಾಯ, ಇವತ್ತು ಇವರ ಕೈಯಲ್ಲಿ ಕೊಡೆ ಇಲ್ಲ." ಹೇಳಿ, ದೊಡ್ಡ ಉಪಕಾರಕ್ಕೆ ಕೃತಜ್ಞತೆ ಎಂಬಂತೆ ಅಪ್ಪನಿಗೆ ಕೈ ಮುಗಿದರು. ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ಕಾಫಿ ಅಲ್ಲಿಯೇ ಬಿಟ್ಟು ಎದ್ದರು.

ಅವರು ಮಾಡಿದ್ದೇನು? ನೆಟ್ಟಗೆ ಕಚೇರಿಗೆ ಹೋಗಿ, ಮದ್ರಾಸಿನ ಕಡೆಯ ದೊಡ್ಡ ಸಾಹೇಬರ ಮುಂದೆ ನಿಂತು, ತಾನು ಅಪರಾಧಿ ಎಂದು ಒಪ್ಪಿಕೊಂಡರು. ನನ್ನ ಛತ್ರಿಯಿಂದ ಗುಟ್ಟು ಹೊರಬಿದ್ದಿದೆ, ಏನು ಶಿಕ್ಷೆ ಕೊಟ್ಟರೂ ಸರಿ ಎಂದರು. ಸಾಹೇಬರು ಎಲ್ಲ ಕೇಳಿ, ಹೋದ ತಿಂಗಳು ಛತ್ರಿ ಒಯ್ದೂ ಮಳೆ ಬಾರದ ದಿನ ಎಷ್ಟು ಎಂದು ವಿಚಾರಿಸಿದರು. ಅಪ್ಪ ಲೆಕ್ಕ ಹಾಕಿ ಆರು ದಿನ ಎಂದರು. "ಹಾಗಾದರೆ ಶತ್ರುಗಳು ನಿಮ್ಮ ಛತ್ರಿಯನ್ನೇ ನಂಬಲಿ, ನಮಗೆ ಒಳ್ಳೆಯದು. ಹೋಗಿ ಕೆಲಸ ನೋಡಿ," ಎಂದು ಸಾಹೇಬರು ನಕ್ಕರಂತೆ. ಇದನ್ನು ಅಪ್ಪ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆಗಲೂ ಅವರಿಗೆ ಅದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ.

ಆ ದಿನ ಊಟಕ್ಕೆ ಕೂತಾಗ ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಛತ್ರಿ ಮಾತು ಮೊದಲ ಯಾರ ಬಾಯಾಗ ಹುಟ್ಟಿತು?"

ಅವ್ವ ಸಾರಿನ ಕಡೆ ನೋಡಿದಳು. ಅತ್ತೆ ಗೋಡೆಯ ಕಡೆ ನೋಡಿದಳು. ನಾನು ಬಾಯಲ್ಲಿದ್ದ ತುತ್ತು ನುಂಗುವ ಮೊದಲೇ "ನನ್ನ ಬಾಯಾಗ" ಎಂದುಬಿಟ್ಟೆ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನೂ ಇಟ್ಟುಕೊಳ್ಳಲಾಗಲಿಲ್ಲ.

ಇಲ್ಲಿ ನನ್ನ ಆಸೆಯ ವಿಷಯ ಹೇಳಬೇಕು. ಬರುವ ಬೇಸಿಗೆಯಲ್ಲಿ ನನ್ನ ಮ್ಯಾಟ್ರಿಕ್ ಪರೀಕ್ಷೆ. ಆಮೇಲೆ ಕಾಲೇಜು ಸೇರಬೇಕು, ಸೇರಿದರೆ ಸೈನ್ಸ್‌ಗೇ ಸೇರಬೇಕು ಎಂದು ನಾನು ಎರಡು ವರ್ಷದಿಂದ ಕನಸು ಕಾಣುತ್ತಿದ್ದೆ. ಹುಡುಗಿಯರು ಹೆಚ್ಚಾಗಿ ಆರ್ಟ್ಸ್ ತೆಗೆದುಕೊಳ್ಳುತ್ತಿದ್ದ ಕಾಲ. ಅಪ್ಪ ಹೆಣ್ಣುಮಕ್ಕಳ ಓದಿಗೆ ವಿರೋಧಿಯಲ್ಲ, ಸೈನ್ಸಿಗೂ ಅಲ್ಲ. ನನ್ನ ನಾಲಿಗೆಗೆ ಮಾತ್ರ ವಿರೋಧಿ.

ಕೈ ತೊಳೆದು ಬಂದು ಅವರು ಹೇಳಿದರು: "ಗಣಿತ ನಿನಗ ಬರ್ತದ. ಸುಮ್ಮನಿರೂದು ಬರೂದಿಲ್ಲ. ಸೈನ್ಸಿನವರಿಗೆ ಮೊದಲ ಅದ ಬರಬೇಕು. ನೋಡಬೇಕು, ಬರೀಬೇಕು, ತಾಳಬೇಕು, ಆಮ್ಯಾಲ ಬಾಯಿ ತೆಗೀಬೇಕು. ಇನ್ನೊಮ್ಮೆ ಮಳಿಗಾಳಿ ಮಾತು ನಿನ್ನ ಬಾಯಾಗಿಂದ ಬಂತೋ, ಸೈನ್ಸ್ ಮರತುಬಿಡು."

ಅಪ್ಪ ಬೈದಿದ್ದರೆ ನಾನು ಜಗಳವಾಡುತ್ತಿದ್ದೆ. ಅವರು ಬೈಯಲಿಲ್ಲ. ಹೂಂ ಎಂದೆ. ಆ ಹೂಂ ಎಷ್ಟು ಭಾರವಾದದ್ದೆಂದು ಆಮೇಲೆ ತಿಳಿಯಿತು.

ಮರುದಿನದಿಂದ ಅಪ್ಪ ದಿನವೂ ಛತ್ರಿ ಒಯ್ಯತೊಡಗಿದರು. ದೀಪಾವಳಿಗೂ ಛತ್ರಿ, ಸಂಕ್ರಾಂತಿಗೂ ಛತ್ರಿ. ಬೀದಿಯ ಮಕ್ಕಳು ಹಿಂದಿನಿಂದ ಛತ್ರಿವಾಲೇ ಎಂದು ಕೂಗಿದರೂ ಅವರು ತಿರುಗಿ ನೋಡುತ್ತಿರಲಿಲ್ಲ. ನಳದ ಬಳಿಯ ಗುಂಪು ಕರಗಿತು. ಹೆಂಗಸರಿಗೆ ನನ್ನ ಮೇಲೆ ಸಿಟ್ಟು, ಒಳ್ಳೆಯ ದಾರಿಯೊಂದನ್ನು ತೋರಿಸಿ ನಾನೇ ಮುಚ್ಚಿಸಿದೆನೆಂದು.

ಮಾತು ಹೋಯಿತು, ಕಣ್ಣು ಉಳಿದಿತ್ತಲ್ಲ. ನಮ್ಮ ಶಾಲೆಯ ಪುಸ್ತಕದಲ್ಲಿ ಒಂದು ಯಂತ್ರದ ಚಿತ್ರವಿತ್ತು. ಮನುಷ್ಯರ ಕೂದಲು ಗಾಳಿಯಲ್ಲಿ ತೇವ ಹೆಚ್ಚಾದರೆ ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ, ಅದರಿಂದ ತೇವ ಅಳೆಯಬಹುದು ಎಂದು ಬರೆದಿತ್ತು. ನನಗೆ ಅಷ್ಟು ಸಾಕಾಯಿತು. ಅವ್ವನ ಕೂದಲು ಮೊಳಕಾಲು ಮುಟ್ಟುತ್ತಿತ್ತು. ಅದರಲ್ಲಿ ಒಂದನ್ನು ಕೇಳಿ ಪಡೆದೆ, ಎಣ್ಣೆ ಹೋಗುವಂತೆ ಅಂಟವಾಳಕಾಯಿಯ ನೀರಿನಲ್ಲಿ ಮೂರು ಸಲ ತೊಳೆದೆ. ಗಚ್ಚಿಯ ಮೆಟ್ಟಿಲ ಮೇಲಿನ ನೆರಳಿನಲ್ಲಿ ಮೊಳೆ ಹೊಡೆದು ಕಟ್ಟಿದೆ. ಕೆಳಗೆ ಇನ್ನೊಂದು ಮೊಳೆಯ ಮೇಲೆ ತಿರುಗುವ ಖಾಲಿ ದಾರದ ರೀಲಿಗೆ ಒಂದು ಸುತ್ತು ಸುತ್ತಿ, ತುದಿಗೆ ಹಳೆಯ ಗೆಜ್ಜೆ ತೂಗುಬಿಟ್ಟು, ರೀಲಿಗೆ ಕಸಬರಿಗೆಯ ಕಡ್ಡಿಯನ್ನು ಮುಳ್ಳಾಗಿ ಸಿಕ್ಕಿಸಿದೆ. ಹಿಂದೆ ಹಳೆಯ ಕ್ಯಾಲೆಂಡರಿನ ರಟ್ಟು. ತೇವವಾದರೆ ಮುಳ್ಳು ಬಲಕ್ಕೆ, ಒಣಗಿದರೆ ಎಡಕ್ಕೆ. ಮಗ್ಗಲಲ್ಲಿ ಒಂದು ಬಿದಿರಿಗೆ ಚಿಂದಿ ಕಟ್ಟಿ ಗಾಳಿಯ ದಿಕ್ಕು ನೋಡುತ್ತಿದ್ದೆ. ದಿನಕ್ಕೆ ಮೂರು ಸಲ ಒಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ, ನಾಳೆ ಏನಾಗುತ್ತದೆಂದು ನನ್ನ ಅಂದಾಜನ್ನೂ ಬರೆಯುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಮೊದಮೊದಲು ಎಲ್ಲ ತಪ್ಪು. ಹೋಳಿ ಹುಣ್ಣಿಮೆ ಬರುವ ಹೊತ್ತಿಗೆ ತಪ್ಪು ಕಡಿಮೆಯಾಗಿತ್ತು, ನನ್ನ ಸುಮ್ಮನಿರುವಿಕೆಯೂ ಸ್ವಲ್ಪ ಹದಕ್ಕೆ ಬಂದಿತ್ತು.

ಪರೀಕ್ಷೆ ಮುಗಿಯಿತು, ಮೇ ತಿಂಗಳು ಬಂತು. ಆ ವರ್ಷ ಸಂಡಿಗೆ ತಡವಾಯಿತು. ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಹತ್ತು ಮನೆಯವರು ತಿಂಗಳಾನುಗಟ್ಟಲೆ ಊಟದ ಅಕ್ಕಿಯಲ್ಲಿ ಹಿಡಿಹಿಡಿ ಎತ್ತಿಟ್ಟು ಸಂಡಿಗೆಗೆ ಜೋಡಿಸಿದ್ದರು. ಮೌಶಿಯೂ ತನ್ನ ಪಾಲು ತಂದಿದ್ದಳು. ಮಗ ರಜೆಗೆ ಬಂದರೆ ಕರಿದುಕೊಡಬೇಕೆಂದು. ಅಕ್ಕಿ ನೆನೆಸಿದರು, ರುಬ್ಬಿದರು. ಬೆಳಗಾದರೆ ಕಾಯಿಸಿ ಹಾಕುವುದು.

ಆ ಬೆಳಗ್ಗೆ ನಾನು ಎದ್ದವಳೇ ಗಚ್ಚಿಗೆ ಹೋದೆ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಪರ್ವತಿ ಗುಡ್ಡದ ಮೆಟ್ಟಿಲುಗಳು ಎಣಿಸುವಷ್ಟು ಸ್ಪಷ್ಟ. ಆದರೆ ಎರಡು ದಿನದಿಂದ ಬಲಕ್ಕೆ ಸರಿಯುತ್ತಿದ್ದ ಮುಳ್ಳು ಈಗ ರಟ್ಟಿನ ಅಂಚಿಗೆ ಬಂದಿತ್ತು. ಬಿದಿರಿನ ಚಿಂದಿ ದಿನದ ದಿಕ್ಕು ಬಿಟ್ಟು ಉಲ್ಟಾ ಹಾರುತ್ತಿತ್ತು. ನನ್ನ ವಹಿಯಲ್ಲಿ ಇಂಥ ಬೆಳಗು ಹಿಂದೆ ನಾಲ್ಕು ಸಲ ಬಂದಿತ್ತು, ನಾಲ್ಕೂ ಸಲ ಮಧ್ಯಾಹ್ನದ ಮೇಲೆ ಮೂಡಣದ ಹಡಪಸರದ ಕಡೆಯಿಂದ ಗುಡುಗುಮಳೆ ಎದ್ದು ಬಂದಿತ್ತು.

ಕೆಳಗೆ ಅಂಗಳದಲ್ಲಿ ಹತ್ತು ಮನೆಯ ಹಿಟ್ಟಿನ ಪಾತ್ರೆ ಸಾಲಾಗಿದ್ದವು. ಅತ್ತೆ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು. ನಾನು ಮೆಟ್ಟಿಲ ಮೇಲೆ ನಿಂತೆ. ಬಾಯಿ ತೆಗೆದರೆ ನನ್ನ ಸೈನ್ಸ್ ಹೋಯಿತು. ತೆಗೆಯದಿದ್ದರೆ ಆ ಪಾತ್ರೆಗಳೆಲ್ಲ ಮೋರಿಗೆ. ಮೌಶಿಯ ಪುಟ್ಟ ಪಾತ್ರೆ ಸಾಲಿನ ಕೊನೆಗಿತ್ತು. ನನಗೆ ಅಳು ಬಂತು. ಅಳುವುದರಲ್ಲಿ ಒಂದು ಅನುಕೂಲವೆಂದರೆ ಮಾತಾಡಲಾಗುವುದಿಲ್ಲ.

ಅಷ್ಟರಲ್ಲಿ ಅಪ್ಪ ಛತ್ರಿ ಹಿಡಿದು ಹೊರಬಂದರು. ಅವರಿಗೆ ಬೆಳಗಿನ ಸರದಿ, ಬೇಗ ಹೋಗಬೇಕು. ನಾನು ಓಡಿಹೋಗಿ ಅವರ ಮುಂದೆ ನಿಂತೆ.

"ಅಪ್ಪಾ, ಒಂದ ಮಾತ ಕೇಳ್ತೀನಿ. ಕಚೇರಿ ನಕಾಶಿ ಸರಕಾರದ್ದು. ನನ್ನ ಕಣ್ಣಿಲೆ ನಾ ಗಚ್ಚಿ ಮ್ಯಾಲ ನೋಡಿದ್ದು ಯಾರದು?"

ಅಪ್ಪ ನನ್ನನ್ನು ನೋಡಿದರು, ಒಲೆಯನ್ನು ನೋಡಿದರು, ಹಿಟ್ಟಿನ ಸಾಲನ್ನು ನೋಡಿದರು. ಅವರ ಮುಖದಲ್ಲಿ ಏನಾದರೂ ಸಿಕ್ಕೀತೇ ಎಂದು ಹತ್ತು ಮನೆಯ ಹೆಂಗಸರು ಕುತ್ತಿಗೆ ಚಾಚಿದರು. ಆ ಮುಖ ಹೊಸ ಪಾಟಿಯಷ್ಟು ಖಾಲಿಯಾಗಿತ್ತು.

"ನಿನ್ನ ಕಣ್ಣಿಲೆ ನೋಡಿದ್ದು ನಿಂದು," ಎಂದರು. "ಹೇಳಿದ್ದರ ಹೊಣಿನೂ ನಿಂದ." ಹೇಳಿ ಹೊರಟುಹೋದರು. ತಿರುಗಿ ನೋಡಲಿಲ್ಲ.

ನಾನು ಅತ್ತೆಗೆ ಹೇಳಿದೆ, ಇವತ್ತು ಮಧ್ಯಾಹ್ನ ಮಳೆ ಬರುತ್ತದೆ, ಒಲೆ ಹಚ್ಚಬೇಡ ಎಂದು. ಹೆಂಗಸರು ಆಕಾಶ ನೋಡಿದರು, ನನ್ನನ್ನು ನೋಡಿದರು. ಒಬ್ಬಾಕೆ, ಕೂದಲು ಕಟ್ಟಿ ಮಳೆ ತರಿಸುವ ಹುಡುಗಿ ಇವಳು ಎಂದು ಮೂಗು ಮುರಿದಳು. ಅತ್ತೆ ಎದ್ದು, ಮೇಲೆ ಹೋಗಿ, ನನ್ನ ಯಂತ್ರದ ಮುಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ಅದು ಏನೂ ತಿಳಿದಿರಲಾರದು. ಕೆಳಗೆ ಬಂದು ಒಟ್ಟಿದ ಕಟ್ಟಿಗೆಯನ್ನು ಒಂದೊಂದಾಗಿ ಹೊರಗೆ ಎಳೆದಳು.

"ನಾಳೆ ಕಾಯಸೋಣ್ರಿ. ಹಿಟ್ಟು ಒಂದು ದಿನ ಹುಳಿಯಾದ್ರ ಸಂಡಿಗಿ ಮತ್ತಷ್ಟು ಅರಳತದ," ಎಂದಳು. ಅದು ನಿಜವೋ ಸುಳ್ಳೋ ನನಗೆ ಇಂದಿಗೂ ಗೊತ್ತಿಲ್ಲ. ಆಕೆಯ ಮಾತು ಮೀರುವ ಧೈರ್ಯ ಯಾರಿಗೂ ಇರಲಿಲ್ಲ.

ಆ ದಿನದಂಥ ಬಿಸಿಲನ್ನು ನಾನು ಪುಣೆಯಲ್ಲಿ ಮತ್ತೆ ಕಂಡಿಲ್ಲ. ಹತ್ತು ಗಂಟೆಗೆ ಗಚ್ಚಿಯ ಮೇಲೆ ಕಾಲಿಡಲಾಗದು. ಹನ್ನೆರಡಕ್ಕೆ, ಹಾಕಿದ್ದರೆ ಇಷ್ಟು ಹೊತ್ತಿಗೆ ಒಂದು ಮಗ್ಗಲು ಒಣಗಿರುತ್ತಿತ್ತು ಎಂದು ಅಂಗಳದಿಂದ ಯಾರೋ ನನಗೆ ಕೇಳುವಂತೆ ಹೇಳಿದರು. ಎರಡಕ್ಕೆ ಹೇಳುವುದನ್ನೂ ಬಿಟ್ಟರು, ಬರೀ ನೋಡಿದರು. ಅತ್ತೆ ಗಂಟೆಗೊಮ್ಮೆ ಮೇಲೆ ಹೋಗಿ ಸೂರ್ಯನನ್ನು ದುರುಗುಟ್ಟಿ ನೋಡಿ ಬರುತ್ತಿದ್ದಳು. ನಾನು ಅಡಿಗೆಮನೆಯ ಬಾಗಿಲ ಹಿಂದೆ ಕೂತು, ಸೈನ್ಸೂ ಹೋಯಿತು, ಮಾನವೂ ಹೋಯಿತು ಎಂದು ಉಗುರು ಕಚ್ಚುತ್ತಿದ್ದೆ.

ಮೂರು ದಾಟಿದ ಮೇಲೆ ಅಂಗಳದ ತುಳಸಿಯ ನೆರಳು ಅಳಿಸಿದಂತೆ ಮಾಯವಾಯಿತು. ಹಡಪಸರದ ಕಡೆಯಿಂದ ಕರಿಮೋಡದ ಗೋಡೆ ಎದ್ದಿತ್ತು. ಧೂಳು ಬಂತು, ಕಿಟಕಿ ಬಡಿದವು, ಆಮೇಲೆ ಆಲಿಕಲ್ಲು. ಗಚ್ಚಿಯ ನೀರು ಮೆಟ್ಟಿಲ ಮೇಲಿಂದ ಅಂಗಳಕ್ಕೆ ಧುಮುಕಿತು. ಬೆಳಗ್ಗೆ ಮೂಗು ಮುರಿದಾಕೆಯೇ ನನ್ನನ್ನು ಎಳೆದುಕೊಂಡು ಹೋಗಿ ಮಳೆಯಲ್ಲಿ ಗಿರಗಿರ ತಿರುಗಿಸಿದಳು. ಮೌಶಿ ಆಲಿಕಲ್ಲು ಆರಿಸಿ ನನ್ನ ಬಾಯಿಗೆ ಹಾಕಿದಳು. ಅತ್ತೆ ಬೋಳುತಲೆಯ ಮೇಲೆ ಹಿತ್ತಾಳೆಯ ಪರಾತ ಹಿಡಿದು ಅಂಗಳದ ನಡುವೆ ನಿಂತು ನಗುತ್ತಿದ್ದಳು. ಆಲಿಕಲ್ಲು ಪರಾತದ ಮೇಲೆ ಬಿದ್ದು ಎಂಥ ಸದ್ದು ಅಂತೀರಿ.

ಅಪ್ಪ ಬಂದದ್ದು ಮಳೆ ನಿಂತ ಮೇಲೆ. ಛತ್ರಿ ಗಾಳಿಗೆ ಉಲ್ಟಾ ಆಗಿ ಕಡ್ಡಿ ಮುರಿದಿತ್ತು, ಮೈಯೆಲ್ಲ ತೊಯ್ದಿತ್ತು. ಬಟ್ಟೆ ಬದಲಿಸದೆ ನನ್ನನ್ನು ಕರೆದು, ಯಂತ್ರ ತೋರಿಸು ಎಂದರು. ಮೆಟ್ಟಿಲ ಮೇಲೆ ಕೂತು ವಹಿಯ ಮೊದಲ ಪುಟದಿಂದ ಕೊನೆಯವರೆಗೆ ಓದಿದರು. ಕೆಲವು ಕಡೆ ಬೆರಳು ನಿಂತು ನಿಂತು ಮುಂದೆ ಹೋಗುತ್ತಿತ್ತು. ಕಚೇರಿಯ ಲೆಕ್ಕದ ಜೊತೆ ಮನಸ್ಸಿನಲ್ಲೇ ಹೋಲಿಸುತ್ತಿದ್ದರೆಂದು ನನಗೆ ಗೊತ್ತಾಯಿತು.

"ಎಷ್ಟು ಬರೋಬರಿ ಅವ, ಎಷ್ಟು ತಪ್ಪವ?" ಎಂದು ಕೇಳಿದೆ.

"ಹೇಳಾಂಗಿಲ್ಲ."

"ಇವತ್ತಿಂದರೆ ಹೇಳ್ರಿ. ನಿಮ್ಮ ನಕಾಶ್ಯಾಗ ಏನಿತ್ತು?"

"ಅದೂ ಹೇಳಾಂಗಿಲ್ಲ," ಎಂದು ವಹಿ ನನ್ನ ಕೈಗೆ ಕೊಟ್ಟು ಕೆಳಗಿಳಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ರಾತ್ರಿ ಅವರಿಗೆ ಊಟಕ್ಕೆ ನೀರು ಇಡಲಿಲ್ಲ. ಮರುದಿನ ಸಂಡಿಗೆ ಹಾಕಿದೆವು, ಚೆನ್ನಾಗಿಯೇ ಒಣಗಿತು. ಅಪ್ಪ ಮಾತ್ರ ನನ್ನ ಸೈನ್ಸ್ ವಿಷಯ ಎತ್ತಲೇ ಇಲ್ಲ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕೇಳುವ ಬಾಯಿ ನನಗೂ ಬರಲಿಲ್ಲ, ನಂಬಿದರೆ ನಂಬಿ.

ಜೂನಿನಲ್ಲಿ ಫಲಿತಾಂಶ ಬಂತು. ಪಾಸಾಗಿದ್ದೆ, ಗಣಿತದಲ್ಲಿ ಒಳ್ಳೆಯ ಅಂಕ ಬಂದಿದ್ದವು. ಒಂದು ಬೆಳಗ್ಗೆ ಅಪ್ಪ ರಜೆ ಹಾಕಿ, ಹೊರಡು ಎಂದರು. ಲಕಡಿ ಪೂಲ ದಾಟಿ ನಡೆದುಕೊಂಡು ಕಾಲೇಜಿಗೆ ಹೋದೆವು. ಅಲ್ಲಿ ಆರ್ಟ್ಸಿಗೊಂದು ಸಾಲು, ಸೈನ್ಸಿಗೊಂದು ಸಾಲು, ಯಾವುದಕ್ಕೆ ನಿಲ್ಲುತ್ತಾರೋ ಎಂದು ಅವರ ಹೆಜ್ಜೆಯನ್ನೇ ನೋಡುತ್ತಿದ್ದೆ. ಅಪ್ಪ ಸೈನ್ಸಿನ ಸಾಲಿಗೆ ನಿಂತರು. ಆ ಸಾಲಿನಲ್ಲಿ ಹುಡುಗಿ ನಾನೊಬ್ಬಳೇ.

ಕಿಟಕಿಯ ಹಿಂದಿದ್ದ ಮುದುಕ ಗುಮಾಸ್ತ ಅರ್ಜಿ ನೋಡಿ, ಕನ್ನಡಕ ಮೇಲೆ ಸರಿಸಿ, ನನ್ನನ್ನು ನೋಡಿ, ಅಪ್ಪನನ್ನು ನೋಡಿ, ಹುಡುಗಿಗೆ ಸೈನ್ಸ್ ಯಾತಕ್ಕೆ, ಆರ್ಟ್ಸ್ ಬರೆಯಲೇ ಎಂದು ಮರಾಠಿಯಲ್ಲಿ ಕೇಳಿದ. ಕೈಯಲ್ಲಿದ್ದ ಲೆಕ್ಕಣಿಕೆಯನ್ನು ಆಗಲೇ ಹೊಡೆದುಹಾಕಲು ಎತ್ತಿದ್ದ.

ಅಪ್ಪ ಕಿಟಕಿಯ ಸರಳು ಹಿಡಿದು ಬಗ್ಗಿದರು. "ಆಮ್ಚ್ಯಾ ಹಾಪಿಸಾಚಂ ಚುಕಲಂ," ಎಂದರು, "ಹಿಚಂ ಬರೋಬರ ಆಲಂ."

ನಮ್ಮ ಕಚೇರಿಯದು ತಪ್ಪಿತು, ಇವಳದು ಸರಿ ಬಂತು. ಅಷ್ಟೇ. ಗುಮಾಸ್ತನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಅಪ್ಪನ ದನಿಯಲ್ಲಿ ಏನು ಕಂಡನೋ, ಲೆಕ್ಕಣಿಕೆ ಇಳಿಸಿ ಠಸ್ಸೆ ಹೊಡೆದ. ನನಗೆ ಮಾತ್ರ ಎಲ್ಲ ತಿಳಿಯಿತು. ಆ ದಿನದ ನಕಾಶೆ ಬಿಸಿಲೆಂದು ಹೇಳಿತ್ತು. ಅದು ಗೊತ್ತಿದ್ದೂ ಅಪ್ಪ ಅಂಗಳದಲ್ಲಿ ನಿಂತು, ನನ್ನ ಕಣ್ಣಿಲೆ ನೋಡಿದ್ದು ನನ್ನದು ಎಂದಿದ್ದರು. ನಾನು ಸೋಲುತ್ತೇನೆಂದು ನಂಬಿಕೊಂಡೇ ನನಗೆ ಹೇಳಲು ಬಿಟ್ಟಿದ್ದರು. ನನ್ನ ಜೀವನದಲ್ಲಿ ಆಮೇಲೆ ಸಿಕ್ಕ ಯಾವ ಬಹುಮಾನವೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ.

ಪೂಲದ ಮೇಲೆ ಬಂದ ಮೇಲೆ ಅಪ್ಪನಿಗೆ ಕಚೇರಿಯ ಗುಟ್ಟನ್ನು ತಾನೇ ಆಡಿಬಿಟ್ಟೆನೆಂದು ಹೊಳೆಯಿತು. ಹಿಂದೆಮುಂದೆ ನೋಡಿದರು.

"ನಾ ಅಲ್ಲಿ ಅಂದದ್ದು..." ಎಂದು ಶುರುಮಾಡಿದರು.

"ಏನ ಅಂದ್ರಿ?" ಎಂದೆ. "ಗದ್ದಲಾ ಇತ್ತು. ನನಗ ಕೇಳಸಲಿಲ್ಲ."

ಅಪ್ಪ ನಿಂತು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಏನಾದರೂ ಸಿಕ್ಕಿತೋ ಇಲ್ಲವೋ, ನನ್ನ ಅರ್ಜಿಯ ಕಾಗದವನ್ನು ಮಡಿಸಿ ಕೋಟಿನ ಒಳಗಿನ ಜೇಬಿನಲ್ಲಿ ಇಟ್ಟುಕೊಂಡರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ನಾಲ್ಕು ದಿನ ಬಿಡದೆ ಬೆನ್ನುಹತ್ತಿದಳು, ನಿಮ್ಮಪ್ಪ ಅಲ್ಲಿ ಏನಂದ, ಗುಮಾಸ್ತ ಹೆಂಗ ಒಪ್ಪಿದ, ಪೂರಾ ಹೇಳು ಎಂದು. "ಏನೂ ಅನ್ನಲಿಲ್ಲ," ಎಂದೆ. ಆ ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಆದರೂ ಯುದ್ಧ ಮುಗಿಯುವವರೆಗೆ ನಾನು ಅದನ್ನು ಯಾರಿಗೂ ಹೇಳಲಿಲ್ಲ.